ಅಪ್‌ಡೇಟ್: ಸಮ್ ಬೊ ಲುವೊಂಗ್ ತುಂಬಾ ಚೆನ್ನಾಗಿ ಬಂತು

ವಿಯೆಟ್ನಾಮಿನ ತಣ್ಣನೆಯ ಸಿಹಿ ಸೂಪು 'ಸಮ್ ಬೊ ಲುವೊಂಗ್' ಮನೆಯಲ್ಲಿ ಮಾಡುವಾಗ ತಾವರೆ ಬೀಜ ಮೆತ್ತಗಾಗೋಕೆ, ಕಹಿ ಹೋಗೋಕೆ ಏನು ಮಾಡ್ಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಕಹಿಯೆಲ್ಲ ಬೀಜದ ನಡುವಿನ ಹಸಿರು ಮೊಳಕೆಯಲ್ಲೇ ಇರೋದು. ರಾತ್ರಿ ನೆನೆಸಿ, ಬೀಜವನ್ನು ಹೋಳು ಮಾಡಿ ಅದನ್ನು ತೆಗೆದೆ. ಸಕ್ಕರೆ ಮೊದಲೇ ಬಿದ್ದರೆ ಬೀಜ ಗಟ್ಟಿಯಾಗೇ ಉಳಿಯುತ್ತೆ, ಹಾಗಾಗಿ ಪೂರ್ತಿ ಬೆಂದ ಮೇಲಷ್ಟೇ ಕಲ್ಲುಸಕ್ಕರೆ ಹಾಕಿದೆ. ಬಾರ್ಲಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಗಂಜಿ ಬಸಿದು ತೊಳೆದದ್ದರಿಂದ ಪಾಕ ತಿಳಿಯಾಗಿ ನಿಂತಿತು. ಕೆಂಪು ಒಣ ಬೋರೆಹಣ್ಣು ತಾವರೆ ಬೀಜದ ಜೊತೆಗೇ ಬೇಯಲಿ. ಒಣ ಲಾಂಗನ್ ಹಣ್ಣಿಗೆ ಮಾತ್ರ ಕೊನೆಯ 10 ನಿಮಿಷ ಸಾಕು, ಅದರ ಹೊಗೆ ಬೆರೆತಂಥ ಘಮ ಉಳಿಯಬೇಕು.

ಕಡಲಪಾಚಿ ಬಿಟ್ಟುಬಿಡಿ ಅಂತ ಒಬ್ಬರು ಅಂದಿದ್ದರು. ನಾನಂತೂ ಒಪ್ಪಲ್ಲ. ಆ ಕರುಂಕುರುಂ ಎಳೆಗಳಿಲ್ಲದೆ ಇದು ಬರೀ ಹಣ್ಣಿನ ಪಾಕ ಅಷ್ಟೇ! ಹೋ ಚಿ ಮಿನ್ ನಗರದ ಚೀನೀ ಪೇಟೆ ಚೊಲೊನ್‌ನಲ್ಲಿ ಪುಡಿ ಐಸ್ ತುಂಬಿದ ಲೋಟದಲ್ಲಿ ಕೊಡೋದೂ ಪಾಚಿ ಸಮೇತವೇ. ಚೆನ್ನಾಗಿ ನೆನೆಸಿ ತೊಳೆದು, ಬಡಿಸುವಾಗ ಹಾಕಿ. ಐಸ್ ಕರಗಿದಂತೆ ಸಿಹಿ ಇಳಿಯುತ್ತೆ, ಪಾಕ ಸ್ವಲ್ಪ ಜಾಸ್ತಿಯೇ ಸಿಹಿ ಇರಲಿ.