ಎಸೆಸೆಲ್ಸಿ 2004 ಬಳ್ಳಾರಿ ಗುಂಪಿನಲ್ಲಿ ಸೂಪರ್‌ಮನ್ ಜಗಳ

ಶರಣು: (ವಿಡಿಯೊ) ನೈಟ್ ಶಿಫ್ಟ್ ಮುಗಿಸಿ ತೋರಣಗಲ್ಲಿನಿಂದ ಬಸ್ಸಿನಲ್ಲಿ ಬರುತ್ತಾ ನೋಡಿದೆ, ನಿದ್ದೆಯೇ ಹಾರಿಹೋಯಿತು. ನಾವು ಸಣ್ಣವರಿದ್ದಾಗ ಬರುತ್ತಿದ್ದ ಸೂಪರ್‌ಮನ್ ಕಾರ್ಟೂನಿನ ಕೊನೇ ಕಂತು, 2000ನೇ ಇಸವಿಯದು. ಸೂಪರ್‌ಮನ್ ಬೇರೆ ಗ್ರಹದ ಸರ್ವಾಧಿಕಾರಿ ಡಾರ್ಕ್‌ಸೈಡ್‌ನನ್ನು ಬಡಿದು ಹಾಕಿ, ಅವನ ಗುಲಾಮರ ಮುಂದೆಯೇ ಬಿಸಾಕಿ, ಇನ್ನು ನೀವು ಸ್ವತಂತ್ರರು ಅನ್ನುತ್ತಾನೆ. ಅವರು ಏನು ಮಾಡುತ್ತಾರೆ ನೋಡಿ. ಇದರ ಮುಂದೆ ಯಾವ ಕಾರ್ಟೂನೂ ಇಲ್ಲ. ನಿಮ್ಮ ಬ್ಯಾಟ್‌ಮನ್ನೂ ಇಲ್ಲ. ಯಾರಿಗಾದರೂ ತಕರಾರಿದ್ದರೆ ಬನ್ನಿ.

ಗಾದಿಲಿಂಗ: (ಗುಲಾಬಿ ಹೂವಿನ ಚಿತ್ರ) ಎಲ್ಲರಿಗೂ ಶುಭೋದಯ

ವೀಣಾ: ಗಾದಿ, ನಿನ್ನ ಹೂವು ಸ್ವಲ್ಪ ಆ ಕಡೆ ಇಡು. ನನಗೆ ತಕರಾರಿದೆ.

ವೀಣಾ: ಶರಣು, ಸೀನ್ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆ ಜನ ಡಾರ್ಕ್‌ಸೈಡ್‌ನನ್ನು ಹುಷಾರಾಗಿ ಎತ್ತಿಕೊಂಡು ಹೋಗುತ್ತಾರೆ, ಅವನು ಇವನ ಕಡೆ ತಿರುಗಿ ಇಲ್ಲಿ ನಾನೇ ದೇವರು ಅನ್ನುತ್ತಾನೆ, ಮೈ ಜುಂ ಅನ್ನುತ್ತದೆ. ಆದರೆ 54 ಕಂತುಗಳಲ್ಲಿ ಇಂಥವು ಎಷ್ಟು? ಬೆರಳಲ್ಲಿ ಎಣಿಸಬಹುದು. ಕೊನೇ ಕಂತಿನ ಒಂದು ಸೀನ್ ತೋರಿಸಿ ಇಡೀ ಸೀರಿಯಲ್ ಶ್ರೇಷ್ಠ ಅನ್ನುವುದು, ಮದುವೆ ಊಟದಲ್ಲಿ ಹೋಳಿಗೆ ಒಂದನ್ನೇ ತಿಂದು ಅಡುಗೆಯವನಿಗೆ ಶಾಲು ಹೊದಿಸಿದ ಹಾಗೆ.

ಶರಣು: ಬಂತಪ್ಪಾ ಬೆಂಗಳೂರಿನಿಂದ ತೀರ್ಪು. ಎರಡೂ ಒಂದೇ ಮನೆಯ ಅಡುಗೆ ಅಲ್ವಾ? ಮಾಡಿದವರು ಅದೇ ಬ್ರೂಸ್ ಟಿಮ್, ಅದೇ ಪಾಲ್ ಡೀನಿ. 1992ರಲ್ಲಿ ಬ್ಯಾಟ್‌ಮನ್, 1996ರಲ್ಲಿ ಸೂಪರ್‌ಮನ್. ನಾಲ್ಕು ವರ್ಷದಲ್ಲಿ ಕೈರುಚಿ ಕೆಟ್ಟುಹೋಯಿತಾ?

ವೀಣಾ: ಅದೇ ನನಗೂ ಬೇಜಾರು. ಬೇರೆ ಯಾರೋ ಮಾಡಿದ್ದರೆ ಬಿಟ್ಟುಬಿಡುತ್ತಿದ್ದೆ. ಅಕ್ಕನನ್ನು ಅಷ್ಟು ಚೆನ್ನಾಗಿ ಬೆಳೆಸಿದವರು ತಂಗಿಯ ಹತ್ತಿರ ಬರುವಷ್ಟರಲ್ಲಿ ಬರೀ ಕೈ ಕಾಲು ಗಟ್ಟಿ ಮಾಡಿ ಕಳಿಸಿದರು.

ಖಾದರ್: ನಾನು ಸೂಪರ್‌ಮನ್ ಪಾರ್ಟಿ. ಕಾರಣ ಸರಳ. ನಮ್ಮ ಮನೆ ಟೀವಿಯಲ್ಲಿ ಬ್ಯಾಟ್‌ಮನ್ ಕಾಣುತ್ತಲೇ ಇರಲಿಲ್ಲ.

ಗಾದಿಲಿಂಗ: ಹಹ್ಹಾ ನಿಜ ನಿಜ

ಖಾದರ್: ನಗಬೇಡಲೇ. ಕೌಲ್ ಬಜಾರಿನಲ್ಲಿ ಸಂಜೆ ವೋಲ್ಟೇಜ್ ಹೇಗಿರುತ್ತಿತ್ತು ನಿನಗೂ ಗೊತ್ತು. ಸೆಕೆಂಡ್ ಹ್ಯಾಂಡ್ ಟೀವಿ, ಪಿಕ್ಚರ್ ಟ್ಯೂಬ್ ಅರ್ಧ ಸತ್ತಿತ್ತು. ಬ್ಯಾಟ್‌ಮನ್ ಶುರುವಾದರೆ ಪರದೆ ಪೂರ್ತಿ ಕಪ್ಪು, ನಡುವೆ ಎರಡು ಬಿಳೀ ಕಣ್ಣು. ಅಪ್ಪ ಬಂದು, ಕರೆಂಟ್ ಹೋಯಿತಾ ಅನ್ನುತ್ತಿದ್ದರು. ಸೂಪರ್‌ಮನ್‌ನಲ್ಲಿ ನೀಲಿ ಆಕಾಶ, ಕೆಂಪು ಬಟ್ಟೆ, ಎಲ್ಲಾ ಕಾಣುತ್ತಿತ್ತು.

ವೀಣಾ: ಖಾದರ್, ತಪ್ಪು ನಿನ್ನ ಟೀವಿಯದಲ್ಲ. ಬ್ಯಾಟ್‌ಮನ್ ಮಾಡಿದವರು ಹಿನ್ನೆಲೆ ಚಿತ್ರಗಳನ್ನು ಕಪ್ಪು ಕಾಗದದ ಮೇಲೆಯೇ ಬರೆಯುತ್ತಿದ್ದರು. ಮಾಮೂಲಿಯಾಗಿ ಬಿಳಿ ಹಾಳೆಗೆ ಕತ್ತಲು ತುಂಬುತ್ತಾರೆ, ಇವರು ಕತ್ತಲಿನಿಂದ ಶುರು ಮಾಡಿ ಎಲ್ಲಿ ಬೇಕೋ ಅಲ್ಲಿ ಮಾತ್ರ ಬೆಳಕು ಹಚ್ಚಿದರು. ಅದಕ್ಕೇ ಬ್ಯಾಟ್‌ಮನ್‌ನ ಊರು ಗಾಥಮ್ ಅಂದ ಕೂಡಲೇ ಒಂದು ಊರು ಕಣ್ಮುಂದೆ ಬರುತ್ತದೆ. ಹಳೇ ಕಾಲದ ಕಾರು, ಎತ್ತರದ ಕಟ್ಟಡ, ಹೊಗೆ. ಸೂಪರ್‌ಮನ್‌ನ ಊರು ಮೆಟ್ರೊಪೊಲಿಸ್ ಹೇಗಿತ್ತು ಹೇಳು ನೋಡೋಣ.

ಖಾದರ್: ಕ್ಲೀನ್ ಆಗಿತ್ತು

ವೀಣಾ: ಅಷ್ಟೇ. ಒಡೆಯುವುದಕ್ಕೆ ಅಂತಲೇ ಕಟ್ಟಿದ ಬಿಲ್ಡಿಂಗ್‌ಗಳು.

ಗಾದಿಲಿಂಗ: ನನಗೊಂದು ಡೌಟು. ಸೂಪರ್‌ಮನ್‌ಗೆ ಶಕ್ತಿ ಬರುವುದು ಸೂರ್ಯನಿಂದ ತಾನೆ? ಹಾಗಾದರೆ ಏಪ್ರಿಲ್‌ನಲ್ಲಿ ರಾಯಲ್ ಸರ್ಕಲ್‌ನಲ್ಲಿ ನಿಂತವರೆಲ್ಲ ಹಾರಬೇಕಿತ್ತಲ್ಲ

ಶರಣು: ನೀನು ಹಾರಬೇಡ, ಹೊಟ್ಟೆ ನೋಡಿಕೊ. ವೀಣಾ, ಕಪ್ಪು ಕಾಗದ ನೀಲಿ ಕಾಗದ ಬಿಡು. ಕಥೆಗೆ ಬಾ.

ವೀಣಾ: ಬಂದೆ. ಬ್ಯಾಟ್‌ಮನ್‌ನಲ್ಲಿ ಖಳ ಮಿಸ್ಟರ್ ಫ್ರೀಜ್ ಬಂದ ಮೊದಲ ಕಂತು ನೆನಪಿದೆಯಾ? ಕಾಮಿಕ್ಸ್‌ನಲ್ಲಿ ಅವನು ಮಂಜಿನ ಬಂದೂಕು ಹಿಡಿದ ಒಬ್ಬ ಕಳ್ಳ, ಅಷ್ಟೇ. ಡೀನಿ ಅವನಿಗೆ ಕಾಯಿಲೆ ಬಿದ್ದ ಹೆಂಡತಿಯನ್ನು ಕೊಟ್ಟರು. ಅವಳಿಗೆ ಮದ್ದು ಸಿಗುವ ತನಕ ಮಂಜಿನಲ್ಲಿ ಮಲಗಿಸಿದ್ದಾನೆ. ಕಂಪನಿ ಯಜಮಾನ ಬಂದು, ದುಡ್ಡು ಜಾಸ್ತಿ ಆಯಿತು ಅಂತ ಅದನ್ನು ನಿಲ್ಲಿಸುತ್ತಾನೆ. ಆ ಗಲಾಟೆಯಲ್ಲಿ ಇವನ ಮೈಯೇ ಚಳಿಯಲ್ಲಿ ಮಾತ್ರ ಬದುಕುವ ಹಾಗಾಗುತ್ತದೆ. ಕಂತು ಮುಗಿಯುವಾಗ ಬ್ಯಾಟ್‌ಮನ್ ಗೆದ್ದಿರುತ್ತಾನೆ, ನಮಗೆ ಮಾತ್ರ ಗೆದ್ದ ಖುಷಿ ಇರುವುದಿಲ್ಲ. ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ! ಆ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು. ಮಕ್ಕಳ ಕಾರ್ಟೂನಿಗೆ.

ಶರಣು: ಹಂಗಾದರೆ ಸೂಪರ್‌ಮನ್‌ನಲ್ಲಿ ಬರುವ ಖಳ ಮೆಟಾಲೊ? ಸಾಯುವ ಕಾಯಿಲೆ, ಸೂಪರ್‌ಮನ್‌ನ ಶತ್ರು ಲೂಥರ್ ಅವನನ್ನು ಲೋಹದ ಮೈಗೆ ಹಾಕಿಸುತ್ತಾನೆ, ಎದೆಯಲ್ಲಿ ಸೂಪರ್‌ಮನ್‌ನ ಶಕ್ತಿ ಇಳಿಸುವ ಕ್ರಿಪ್ಟೊನೈಟ್ ಕಲ್ಲು. ಆಮೇಲೆ ಅವನಿಗೆ ತಿಂದದ್ದು ರುಚಿಸುವುದಿಲ್ಲ, ಮುಟ್ಟಿದ್ದು ಗೊತ್ತಾಗುವುದಿಲ್ಲ. ಅದೇನು ಕಡಿಮೆಯಾ? ನಾನು ಆವತ್ತು ರಾತ್ರಿ ಊಟ ಮಾಡುವಾಗ ಚಟ್ನಿಪುಡಿ ಖಾರ ಹತ್ತುತ್ತದಾ ಅಂತ ಚೆಕ್ ಮಾಡಿದ್ದೆ.

ಖಾದರ್: ಪಾಯಿಂಟು!

ವೀಣಾ: ಒಪ್ಪಿದೆ, ಒಳ್ಳೇ ಕಂತು. ಮುಂದಿನ ಸಲ ಮೆಟಾಲೊ ಬಂದಾಗ ಏನು ಮಾಡಿದ?

ಶರಣು: ಹೊಡೆದಾಡಿದ

ವೀಣಾ: ಅದರ ಮುಂದಿನ ಸಲ?

ಶರಣು: ಸರಿ ಸರಿ, ಗೊತ್ತಾಯಿತು

ವೀಣಾ: ಫ್ರೀಜ್ ವಾಪಸ್ ಬಂದಾಗಲೂ ಅವನ ತಲೆಯಲ್ಲಿ ಹೆಂಡತಿಯೇ ಇರುತ್ತಾಳೆ. ಅವನ ನೋವು ಅವನ ಜೊತೆಗೇ ಬರುತ್ತದೆ. ಮೆಟಾಲೊನ ನೋವು ಮೊದಲ ಕಂತಿನಲ್ಲೇ ಖರ್ಚಾಗಿ ಹೋಯಿತು, ಆಮೇಲೆ ಉಳಿದದ್ದು ಬರೀ ಕಬ್ಬಿಣ. ಲೂಥರ್ ವಿಷಯದಲ್ಲಿ ಮಾತ್ರ ನಾನು ಬಾಯಿ ಬಿಡುವುದಿಲ್ಲ. ಊರೆಲ್ಲ ತನ್ನದು, ಊರು ತನಗೆ ಕೈ ಮುಗಿಯಬೇಕು ಅನ್ನುವ ಮನುಷ್ಯ, ಹಾರಿ ಬಂದ ಯಾರಿಗೋ ಜನ ಕೈ ಬೀಸಿದರೆ ಅವನಿಗೆ ಹೊಟ್ಟೆಯುರಿ. ಕ್ಲ್ಯಾನ್ಸಿ ಬ್ರೌನ್ ಧ್ವನಿ ಬೇರೆ. ಗಣಿ ದುಡ್ಡು ಹರಿದಾಡಿದ ಕಾಲದಲ್ಲಿ ಬಳ್ಳಾರಿಯಲ್ಲಿ ಇದ್ದವರಿಗೆ ಅಂಥವರ ಪರಿಚಯ ಯಾರೂ ಮಾಡಿಕೊಡಬೇಕಿಲ್ಲ.

ಗಾದಿಲಿಂಗ: ಅಡ್ಮಿನ್ ಮೇಡಂ, ಗುಂಪಿನಲ್ಲಿ ರಾಜಕೀಯ ಬೇಡ ಅಂತ ರೂಲ್ ಇದೆ

ಸುಧಾ (ಅಡ್ಮಿನ್): ಕಾರ್ಟೂನ್ ಮಾತಾಡಿ. ಅದೂ ಮಧ್ಯಾಹ್ನ ಮಾತಾಡಿ, ನನ್ನ ಫೋನ್ ಕ್ಲಾಸಿನಲ್ಲಿ ಗುರ್ ಅನ್ನುತ್ತಿದೆ.

(ಮಧ್ಯಾಹ್ನ)

ಶರಣು: ಎದ್ದೆ. ಊಟ ಆಯಿತು. ವೀಣಾ, ನೀನು ಒಂದು ವಿಷಯ ಮರೆತೆ. ಸೂಪರ್‌ಮನ್ ಕಥೆ ಬರೆಯುವುದೇ ಕಷ್ಟ. ಎಲ್ಲಾ ಮಾಡಬಲ್ಲವನಿಗೆ ಏನು ತೊಂದರೆ ಕೊಡುತ್ತೀ? ಅದಕ್ಕೇ ಅವನ ಶಕ್ತಿ ಕಡಿಮೆ ಮಾಡಿದರು. ಬಾಹ್ಯಾಕಾಶಕ್ಕೆ ಹೋಗಬೇಕಾದರೆ ಉಸಿರಾಡುವ ಸೂಟ್ ಹಾಕಿಕೊಳ್ಳುತ್ತಾನೆ, ಭಾರ ಎತ್ತುವಾಗ ಹಲ್ಲು ಕಚ್ಚುತ್ತಾನೆ. ಆಮೇಲೆ ಖಳ ಬ್ರೇನಿಯಾಕ್‌ನನ್ನು ಸೂಪರ್‌ಮನ್ ಹುಟ್ಟಿದ ಗ್ರಹ ಕ್ರಿಪ್ಟಾನಿನದೇ ಕಂಪ್ಯೂಟರ್ ಮಾಡಿದ್ದು! ಗ್ರಹ ಸಿಡಿಯುತ್ತದೆ ಅಂತ ಗೊತ್ತಿದ್ದೂ ಮುಚ್ಚಿಟ್ಟು ತಾನು ಮಾತ್ರ ಓಡಿಹೋದದ್ದು. ಅದು ತಲೆ ಅಲ್ವಾ?

ವೀಣಾ: ಬ್ರೇನಿಯಾಕ್ ತಲೆಗೆ ನೂರಕ್ಕೆ ನೂರು. ಸೂಟ್ ಕೂಡ ಸರಿ. ಆದರೆ ಅವರು ಕಷ್ಟ ತಂದದ್ದು ಮೈಗೆ ಮಾತ್ರ. ಶಕ್ತಿ ಇಳಿಸಿದ್ದರಿಂದ ಏನಾಯಿತು ಅಂದರೆ ಹೊಡೆದಾಟ ಉದ್ದ ಆಯಿತು. ಮೊದಲು ಎರಡು ಗೋಡೆಗೆ ಬೀಳುತ್ತಿದ್ದವನು ಈಗ ಎಂಟು ಗೋಡೆಗೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಮನಸ್ಸಿಗೆ ಕಷ್ಟ ಕೊಡಬಹುದಿತ್ತು. ಅದಕ್ಕೆ ಒಬ್ಬ ಮನುಷ್ಯನನ್ನು ಇಟ್ಟುಕೊಂಡೇ ಇದ್ದರು, ಅವನನ್ನು ಆಫೀಸಿನಲ್ಲಿ ಕೂಡಿಸಿ ಮರೆತರು. ಕ್ಲಾರ್ಕ್ ಕೆಂಟ್, ಜನರ ನಡುವೆ ಸೂಪರ್‌ಮನ್‌ನ ಮಾಮೂಲಿ ವೇಷ.

ಖಾದರ್: ಕನ್ನಡಕದವನು

ವೀಣಾ: ಅವನೇ. ಬ್ಯಾಟ್‌ಮನ್‌ನಲ್ಲಿ ಕೆವಿನ್ ಕಾನ್ರಾಯ್ ಮುಖವಾಡ ಇಲ್ಲದ ಬ್ರೂಸ್ ವೇನ್‌ಗೆ ಒಂದು ಧ್ವನಿ, ಮುಖವಾಡ ಹಾಕಿದ ಬ್ಯಾಟ್‌ಮನ್‌ಗೆ ಇನ್ನೊಂದು ಧ್ವನಿ ಕೊಟ್ಟರು. ಕಣ್ಣು ಮುಚ್ಚಿ ಕೇಳಿದರೂ ಯಾರು ಮಾತಾಡುತ್ತಿದ್ದಾರೆ ಗೊತ್ತಾಗುತ್ತದೆ. ಸೂಪರ್‌ಮನ್‌ಗೆ ಧ್ವನಿ ಕೊಟ್ಟ ಟಿಮ್ ಡೇಲಿ ಒಳ್ಳೇ ನಟ, ಆದರೆ ಅವರ ಕ್ಲಾರ್ಕ್ ಅಂದರೆ ಟೈ ಕಟ್ಟಿದ ಸೂಪರ್‌ಮನ್ ಅಷ್ಟೇ. 1997ರಲ್ಲಿ ಇಬ್ಬರೂ ಸೇರುವ ಮೂರು ಭಾಗದ ಕಥೆ ಬಂತಲ್ಲ, ಅದರಲ್ಲಿ ನೋಡು. ಸೂಪರ್‌ಮನ್ ಎಕ್ಸ್‌ರೇ ಕಣ್ಣಲ್ಲಿ ಮುಖವಾಡದ ಒಳಗೆ ಇಣುಕಿ ಬ್ರೂಸ್‌ನನ್ನು ಪತ್ತೆ ಹಚ್ಚಿ ಬೀಗುತ್ತಾನೆ. ಬ್ಯಾಟ್‌ಮನ್ ಸುಮ್ನೆ ಇವನ ಕೇಪಿಗೆ ಒಂದು ಟ್ರಾನ್ಸ್‌ಮಿಟರ್ ಅಂಟಿಸಿ ಕಳಿಸಿ, ಎದುರಿನ ಕಟ್ಟಡದಲ್ಲಿ ನಿಂತು ದುರ್ಬೀನಿನಲ್ಲಿ ಕ್ಲಾರ್ಕ್‌ನನ್ನು ನೋಡುತ್ತಾನೆ. ಮನೆ ಇವನದು, ಹೆಸರು ಮಾಡಿಕೊಂಡು ಹೋದವನು ನೆಂಟ.

ಗಾದಿಲಿಂಗ: ನಮ್ಮ ಅಳಿಯಂದಿರ ಹಾಗೆ

ಶರಣು: ಬ್ಯಾಟ್‌ಮನ್‌ನಲ್ಲೂ ಕಸ ಇದೆ. ಸಣ್ಣ ಮಕ್ಕಳು ಬ್ಯಾಟ್‌ಮನ್‌ನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುವ ಕಂತು ನೋಡು, ಪೆಂಗ್ವಿನ್ ಬರುತ್ತಾನಲ್ಲ. ಅದನ್ನೂ ಕಪ್ಪು ಕಾಗದದ ಮೇಲೆಯೇ ಬರೆದದ್ದಾ?

ವೀಣಾ: ಅದನ್ನು ಬರೆಯಬಾರದಿತ್ತು. 85 ಕಂತು ಮಾಡಿದರೆ ಒಂದೆರಡು ಸೀದುಹೋಗುತ್ತವೆ.

ಶರಣು: ಆಹಾ! ಅಕ್ಕನದು ಸೀದದ್ದು, ತಂಗಿಯದು ಕೆಟ್ಟದ್ದು!

ಸುಧಾ (ಅಡ್ಮಿನ್): ಇದಕ್ಕೆ ಉತ್ತರ ಕೊಡು ವೀಣಾ. ನಾನೂ ಈಗ ಓದುತ್ತಿದ್ದೇನೆ.

ವೀಣಾ: ಸರಿ, ಸಿಕ್ಕಿಬಿದ್ದೆ. ನಾನು ಚಿಕ್ಕವಳಿದ್ದಾಗಿನಿಂದ ಬ್ಯಾಟ್‌ಮನ್ ಕಡೆ, ಅದು ಗುಟ್ಟೇನಲ್ಲ. ಆದರೆ ಶರಣು, ನಿನಗೋಸ್ಕರ ನಿನ್ನ ಸೀರಿಯಲ್‌ನದೇ ಒಂದು ಕಂತು ಹೇಳುತ್ತೇನೆ, ನಿನ್ನ ಡಾರ್ಕ್‌ಸೈಡ್‌ಗಿಂತ ದೊಡ್ಡದು. ತಪ್ಪು ಮಾಡದವನೊಬ್ಬನಿಗೆ ಮರಣದಂಡನೆ ಆಗಿದೆ. ಅದನ್ನು ತಪ್ಪಿಸುವ ಸಾಕ್ಷಿ ಕ್ಲಾರ್ಕ್‌ಗೆ ಸಿಗುತ್ತದೆ. ಅಷ್ಟರಲ್ಲಿ ಅವನ ಕಾರಿಗೆ ಬಾಂಬ್. ಇವನಿಗೆ ಏನೂ ಆಗುವುದಿಲ್ಲ, ಆದರೆ ಸ್ಫೋಟ ಕಂಡವರಿದ್ದಾರೆ. ಬದುಕಿದ್ದೇನೆ ಅಂದರೆ ಹೇಗೆ ಬದುಕಿದೆ ಅಂತ ಹೇಳಬೇಕು. ಹಾಗಾಗಿ ಕ್ಲಾರ್ಕ್ ಸತ್ತ. ಮಣ್ಣು ಮಾಡುತ್ತಾರೆ, ಆಫೀಸಿನ ಜೊತೆಗಾತಿ ಲೋಯಿಸ್ ಅಳುತ್ತಾಳೆ, ಇವನು ಅಪ್ಪ ಅಮ್ಮನ ಹತ್ತಿರ ಬಂದು, ನಾನು ಕ್ಲಾರ್ಕೇ, ಇಡೀ ದಿನ ಸೂಪರ್‌ಮನ್ ಆಗಿರಬೇಕಾದರೆ ತಲೆ ಕೆಡುತ್ತದೆ ಅನ್ನುತ್ತಾನೆ. ಇದು ಕಣೋ ಕಷ್ಟ! ಎಂಟು ಗೋಡೆ ಒಡೆದರೂ ಸಿಗದ ಕಷ್ಟ. ಇದನ್ನು ಮಾಡಲು ಬರುತ್ತಿದ್ದವರು ಯಾಕೆ ಒಂದೇ ಸಲ ಮಾಡಿ ಬಿಟ್ಟರು? ನನ್ನ ಜಗಳ ಅದೊಂದೇ. ಇವತ್ತು ರಾತ್ರಿ ನೋಡು.

ಶರಣು: ಶಿಫ್ಟ್ ಇಲ್ಲ ಇವತ್ತು. ನೋಡುತ್ತೇನೆ.

(ರಾತ್ರಿ)

ಶರಣು: ನೋಡಿದೆ.

ಶರಣು: ಆ ಪೊಲೀಸ್ ಅಧಿಕಾರಿ ವಿಷಯ ಯಾಕೆ ಹೇಳಲಿಲ್ಲ?

ವೀಣಾ: ಹೇಳಿದರೆ ನೋಡುತ್ತಿದ್ದೆಯಾ?

ಶರಣು: ನಿಜವಾದ ಕೊಲೆಗಾರ ಅವನೇ, ಮರಣದಂಡನೆಗೆ ಗ್ಯಾಸ್ ಬಿಡುವ ಹೊತ್ತಿನಲ್ಲಿ ಅವನಿಗೆ ಹೊಳೆಯುತ್ತದೆ, ಕ್ಲಾರ್ಕ್ ಹೇಗೆ ಬದುಕಿದ ಅಂತ. ಗೊತ್ತಾಯಿತು, ಆದರೆ ಯಾರಿಗೂ ಹೇಳುವ ಹಾಗಿಲ್ಲ. ನಮ್ಮ ಹುಡುಗ ಪಕ್ಕದಲ್ಲಿ ಕೂತಿದ್ದ, ಅಪ್ಪಾ ಈಗ ಅವನು ಸಾಯುತ್ತಾನಾ ಅಂದ. ಏನು ಹೇಳಬೇಕೋ ತಿಳಿಯಲಿಲ್ಲ, ಟೀವಿ ಆರಿಸಿದೆ. ವೀಣಾ, ನೀನು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ವಿಡಿಯೊ ಡಿಲೀಟ್ ಮಾಡುವುದಿಲ್ಲ.

ವೀಣಾ: ಮಾಡಬೇಡ. ನಿನ್ನ ವಿಡಿಯೊದಲ್ಲೂ ನೆನಪಿನಲ್ಲಿ ಉಳಿಯುವುದು ಆ ಗುಲಾಮರೇ, ಗುದ್ದಲ್ಲ.

ಶರಣು: ಅಯ್ಯೋ ಬಿಡೇ ಮಾರಾಯ್ತಿ, ಅರ್ಧ ಒಪ್ಪಿದೆ ಅಂದೆನಲ್ಲ

ಖಾದರ್: ಭಾನುವಾರ ಎಲ್ಲರೂ ನಮ್ಮ ಅಂಗಡಿಗೆ ಬನ್ನಿ. ಜೀನ್ಸ್ ಕಟಿಂಗ್ ರಜೆ, ಜಾಗ ಖಾಲಿ. ಮಿರ್ಚಿ ಒಗ್ಗರಣಿ ನನ್ನದು. ಹೊಸ ಟೀವಿ 43 ಇಂಚಿದೆ, ಆ ಫ್ರೀಜ್ ಕಂತು ಹಾಕೋಣ. ಕತ್ತಲಲ್ಲಿ ಏನಿತ್ತು ಅಂತ ನಾನೂ ಒಂದು ಸಲ ನೋಡಬೇಕು.

ಗಾದಿಲಿಂಗ: (ಚಂದ್ರನ ಚಿತ್ರ) ಎಲ್ಲರಿಗೂ ಶುಭರಾತ್ರಿ. ಮಿರ್ಚಿ ಎಷ್ಟು ಗಂಟೆಗೆ?