ಲ್ಯಾಬ್ ಇಲ್ಲದ ಶಾಲೆಯಲ್ಲಿ ಕಲ್ಲು, ಮಣ್ಣಿನ ಪಾಠ: ನೀವು ಹೇಗೆ ಮಾಡ್ತೀರಿ?

ಗಂಗಾವತಿ ಕಡೆಯ ಶಿಕ್ಷಕಿ: 6 ಮತ್ತು 7ನೇ ತರಗತಿಗೆ ವಿಜ್ಞಾನ ತೆಗೆದುಕೊಳ್ಳುತ್ತೇನೆ. ಅಗ್ನಿಶಿಲೆ, ಸಾಂದ್ರತೆ ಎಲ್ಲವನ್ನೂ ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ. ಕಲ್ಲು ಕೈಗೆ ಕೊಟ್ಟರೆ ಮುಖ ಮುಖ ನೋಡುತ್ತಾರೆ. ಲ್ಯಾಬ್ ಇಲ್ಲ, ಖರ್ಚು ಮಾಡಲು ದುಡ್ಡೂ ಇಲ್ಲ. ನಿಮ್ಮ ಅನುಭವ ಹೇಳಿ.

ಸಂಡೂರು: ನಮ್ಮಲ್ಲಿ ಕಬ್ಬಿಣದ ಅದಿರಿಗೆ ಬರವಿಲ್ಲ. ಒಂದೇ ಗಾತ್ರದ ಎರಡು ತುಂಡು ತೆಗೆದುಕೊಳ್ಳಿ, ಒಂದು ಅದಿರು, ಒಂದು ಗ್ರಾನೈಟ್. ಮಕ್ಕಳ ಎರಡು ಕೈಗೆ ಒಂದೊಂದು ಕೊಡಿ. ಏನೂ ಹೇಳಬೇಡಿ. 'ಸರ್, ಇದು ಜಾಸ್ತಿ ಭಾರ' ಅಂತ ಅವರೇ ಕೂಗುತ್ತಾರೆ. ಆಮೇಲೆ ಅಳತೆ. ದಾರ ಕಟ್ಟಿ ಕಲ್ಲನ್ನು ನೀರಿನ ಅಳತೆ ಜಾಡಿಗೆ ಇಳಿಸಿದರೆ ನೀರು ಎಷ್ಟು ಏರಿತೋ ಅಷ್ಟೇ ಕಲ್ಲಿನ ಗಾತ್ರ. ತೂಕಕ್ಕೆ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ನೀರು 50 ಮಿ.ಲೀ. ಏರಿದರೆ ಗ್ರಾನೈಟ್ ಸುಮಾರು 135 ಗ್ರಾಂ ತೂಗುತ್ತದೆ. ಒಳ್ಳೆ ಅದಿರು 200 ದಾಟುತ್ತದೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ, ಭಾಗಾಕಾರ ಅವರೇ ಮಾಡಲಿ. ಸೂತ್ರವನ್ನು ಬೋರ್ಡ್ ಮೇಲೆ ಕೊನೆಗೆ ಬರೆಯಿರಿ, ಮೊದಲೇ ಅಲ್ಲ. ಅದಿರಿಗಾಗಿ ಮಕ್ಕಳನ್ನು ಲಾರಿ ರಸ್ತೆಗೆ ಮಾತ್ರ ಕಳಿಸಬೇಡಿ, ದೊಡ್ಡವರೇ ತಂದುಕೊಡಲಿ.

ಬಳ್ಳಾರಿ: ಅದಿರಿಗೆ ಅಯಸ್ಕಾಂತ ಹಿಡಿದು ತೋರಿಸಿ. ಕಬ್ಬಿಣ ಅಲ್ವಾ, ಟಕ್ಕನೆ ಅಂಟುತ್ತದೆ.

ಸಂಡೂರು: ಅಂಟಲ್ಲ ಸರ್. ನಮ್ಮ ಕಡೆಯದು ಹೆಚ್ಚಾಗಿ ಹೆಮಟೈಟ್, ಸಾಮಾನ್ಯ ಅಯಸ್ಕಾಂತಕ್ಕೆ ಜಗ್ಗುವುದೇ ಇಲ್ಲ. ಅಂಟುವುದು ಮ್ಯಾಗ್ನಟೈಟ್ ಅನ್ನುವ ಇನ್ನೊಂದು ಬಗೆಯ ಅದಿರು. ನದಿ ಮರಳಲ್ಲಿ ಅಯಸ್ಕಾಂತ ಎಳೆದರೆ ಮೀಸೆಯ ಹಾಗೆ ಹತ್ತುವ ಕರಿ ಪುಡಿ ಬಹುಪಾಲು ಅದೇ. ಎರಡರಲ್ಲೂ ಕಬ್ಬಿಣವಿದೆ, ಒಂದು ಮಾತ್ರ ಅಂಟುತ್ತದೆ, ಯಾಕೆ? ಈ ಪ್ರಶ್ನೆ ಎತ್ತಿ ಒಂದು ದಿನ ಹಾಗೇ ಬಿಟ್ಟುಬಿಡಿ. ಹೆಮಟೈಟನ್ನು ಗುರುತಿಸಲು ಟೈಲ್ಸ್ ಹಿಂಭಾಗಕ್ಕೆ ಉಜ್ಜಿ. ಕಲ್ಲು ಕರ‍್ರಗಿದ್ದರೂ ಗೆರೆ ಕೆಂಪಾಗಿ ಬೀಳುತ್ತದೆ.

ಸಿಂಧನೂರು: ನಾವು ಮಣ್ಣಿಂದ ಶುರು ಮಾಡುತ್ತೇವೆ. ಎರೆ ಮಣ್ಣು (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಎರಡನ್ನೂ ನಾದಿ ಉಂಡೆ ಮಾಡಿ ಬಿಸಿಲಿಗಿಟ್ಟರೆ ಎರೆ ಉಂಡೆ ಬಿರಿಯುತ್ತದೆ. ಅದರ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲದ ಬಿರುಕಿಗೆ ಸ್ಕೇಲ್ ಇಳಿಸಿ ಆಳ ಅಳೆಯಲಿ. ರೈತರ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಸುಮ್ನೆ ಕೇಳಿಸಿಕೊಂಡರೂ ಅರ್ಧ ಪಾಠ ಮುಗಿಯಿತು.

ಕೊಪ್ಪಳ: ಗಂಗಾವತಿಯಲ್ಲಿದ್ದುಕೊಂಡು ಕಲ್ಲಿನ ಪಾಠಕ್ಕೆ ಚಿಂತೆ ಯಾಕೆ ಮೇಡಂ? ಆನೆಗೊಂದಿಗೆ ಕರೆದೊಯ್ಯಿರಿ. ಬಂಡೆಗಳನ್ನು ಯಾರು ಪೇರಿಸಿದರು ಅಂತ ಕೇಳಿದರೆ 'ವಾಲಿ ಸುಗ್ರೀವರು ಎಸೆದಾಡಿದ್ದು' ಅಂತಾರೆ. ನಗಬೇಡಿ, ಕಥೆ ಕಥೆಯಾಗಿರಲಿ. ಹತ್ತಿರದಿಂದ ನೋಡಲು ಹೇಳಿ: ಬಂಡೆಯಲ್ಲಿ ಬಿರುಕುಗಳು ಅಡ್ಡ ಉದ್ದ ಹಾದಿರುತ್ತವೆ, ಕೆಲವು ಕಡೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಏಳುತ್ತಿರುತ್ತದೆ. ಇವು ಎಲ್ಲಿಂದಲೋ ಬಂದು ಬಿದ್ದ ಕಲ್ಲುಗಳಲ್ಲ. ನೆಲದೊಳಗೆ ಒಂದೇ ಶಿಲೆಯಾಗಿದ್ದದ್ದು ಸೀಳಿತು. ಸೀಳಿನಲ್ಲಿ ನೀರಿಳಿದು ಮೂಲೆಗಳು ಮೊದಲು ಸವೆದವು. ಸುತ್ತಲಿನ ಸಡಿಲ ಮಣ್ಣು ಕೊಚ್ಚಿಹೋಗಿ ಗುಂಡುಗಳು ಉಳಿದವು. ಈ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ.

ರಾಯಚೂರು: ಸೂರ್ಯ ನಡುನೆತ್ತಿಗೆ ಬರುವ ದಿನವನ್ನೂ ಸೇರಿಸಿಕೊಳ್ಳಿ. ನಮ್ಮ ಮೂರೂ ಜಿಲ್ಲೆಗಳಲ್ಲಿ ಮೇ ಮೊದಲ ವಾರ, ಆಮೇಲೆ ಆಗಸ್ಟ್ 10ರ ಆಸುಪಾಸು. ಮೇನಲ್ಲಿ ರಜೆ, ಆಗಸ್ಟೇ ಗತಿ. ಮಧ್ಯಾಹ್ನ 12.25ರ ಸುಮಾರಿಗೆ ನೇರ ನಿಲ್ಲಿಸಿದ ಪೈಪಿನ ನೆರಳು ಕಾಣಿಸುವುದಿಲ್ಲ. ಮೋಡ ಇದ್ದರೆ ಮಾರನೇ ದಿನ ನೋಡಿ, ತೀರಾ ವ್ಯತ್ಯಾಸ ಆಗಲ್ಲ.

ಗಂಗಾವತಿ ಕಡೆಯ ಶಿಕ್ಷಕಿ: ಎಲ್ಲರಿಗೂ ಧನ್ಯವಾದ. ಅದಿರು ಉಜ್ಜಲು ಯಾವ ಟೈಲ್ಸ್ ಆದರೂ ನಡೆಯುತ್ತಾ?

ಸಂಡೂರು: ಹಿಂಭಾಗ ಬೆಳ್ಳಗೆ, ಒರಟಾಗಿ ಇರಬೇಕು. ಕೆಂಪು ಹೆಂಚಿನ ಮೇಲೆ ಕೆಂಪು ಗೆರೆ ಎಲ್ಲಿ ಕಾಣಬೇಕು? ಮನೆ ಕಟ್ಟುವ ಕಡೆ ಕೇಳಿ, ಒಡೆದ ತುಂಡು ಪುಕ್ಕಟೆ ಕೊಡ್ತಾರೆ. ಅಂಚು ಚೂಪಿರುತ್ತೆ, ಟೇಪ್ ಸುತ್ತಿ ಕೊಡಿ.