ಸಂಬಳದ ಕೆಲಸ ಬಿಟ್ಟು ಸ್ವಂತವಾಗಿ ಡಿಸೈನ್: ಬಿಡುವ ಮುಂಚೆ ಏನು ನೋಡಿಕೊಳ್ಳಬೇಕು?

ಪ್ರಶ್ನೆ: ಒಂದು ಕಂಪನಿಯಲ್ಲಿ ಗ್ರಾಫಿಕ್ ಡಿಸೈನರ್ ಆಗಿದ್ದೇನೆ. ಸಂಜೆ ಹೊತ್ತು ಹೊರಗಿನವರಿಗೆ ಲೋಗೋ, ಬ್ರೋಷರ್ ಮಾಡಿಕೊಡುತ್ತೇನೆ. ಕೆಲಸ ಬಿಟ್ಟು ಇದನ್ನೇ ಪೂರ್ತಿ ಮಾಡೋಣ ಅನ್ನಿಸುತ್ತಿದೆ. ರೇಟ್ ಹೇಗೆ ಹೇಳಬೇಕು? ಕೈಯಲ್ಲಿ ಎಷ್ಟು ದುಡ್ಡಿರಬೇಕು? ಕ್ಲೈಂಟ್‌ಗಳು ಎಲ್ಲಿಂದ ಬರುತ್ತಾರೆ? ಈ ದಾರಿ ಹಿಡಿದವರು ದಯವಿಟ್ಟು ಹೇಳಿ.

ಬ್ರ್ಯಾಂಡಿಂಗ್ ಮಾಡುವವರೊಬ್ಬರು:
ರೇಟ್ ವಿಷಯವನ್ನೇ ಮೊದಲು ಹೇಳುತ್ತೇನೆ, ಜಾಸ್ತಿ ಜನ ಎಡವುವುದು ಅಲ್ಲೇ. ತಿಂಗಳ ಸಂಬಳವನ್ನು ಗಂಟೆಗಳಿಂದ ಭಾಗಿಸಿ ಅದೇ ನನ್ನ ರೇಟ್ ಅಂದುಕೊಳ್ಳಬೇಡಿ. ಸಂಬಳದ ಜೊತೆ ರಜೆ ಇರುತ್ತದೆ, ಕಂಪ್ಯೂಟರ್, ಸಾಫ್ಟ್‌ವೇರ್ ಎಲ್ಲ ಇರುತ್ತದೆ. ಹುಷಾರಿಲ್ಲದೆ ಮಲಗಿದರೂ ದುಡ್ಡು ಬರುತ್ತದೆ. ಹೊರಗೆ ಬಂದ ಮೇಲೆ ಇಷ್ಟೂ ನಿಮ್ಮ ಜೇಬಿನಿಂದಲೇ.

ಇನ್ನೊಂದು, ಕೂತ ಗಂಟೆಗೆಲ್ಲ ಬಿಲ್ ಹಾಕಲು ಆಗುವುದಿಲ್ಲ. ಕೊಟೇಶನ್, ಮೀಟಿಂಗ್, ಮೇಲ್, ಲೆಕ್ಕಪತ್ರ, ಬಾಕಿ ವಸೂಲಿ ಎಲ್ಲ ಸೇರಿ ಅರ್ಧ ವಾರ ನುಂಗುತ್ತವೆ. ವಾರಕ್ಕೆ 22 ಗಂಟೆ ಬಿಲ್ ಆಯ್ತು, ವರ್ಷಕ್ಕೆ 46 ವಾರ ಕೆಲಸ ಮಾಡಿದಿರಿ ಅಂತಿಟ್ಟುಕೊಳ್ಳಿ. ಹೆಚ್ಚುಕಡಿಮೆ 1,000 ಗಂಟೆ. ನೌಕರಿಯಲ್ಲಿ ಸಂಬಳ ಸಿಗುತ್ತಿದ್ದದ್ದು 2,000 ಗಂಟೆಗೆ! ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಿ. ಇಡೀ ವರ್ಷದ ಮನೆ ಖರ್ಚು, ಕೆಲಸದ ಖರ್ಚು, ತೆರಿಗೆ ಕೂಡಿಸಿ, ಆ 1,000ದಿಂದ ಭಾಗಿಸಿ. ಬರುವ ಸಂಖ್ಯೆ ನೋಡಿ ಮೊದಲಿಗೆ ಯಾರಿಗಾದರೂ ಗಾಬರಿಯೇ.

ಆ ಸಂಖ್ಯೆ ನಿಮಗೆ ಮಾತ್ರ ಗೊತ್ತಿದ್ದರೆ ಸಾಕು. ಕ್ಲೈಂಟ್‌ಗೆ ಇಡೀ ಕೆಲಸದ ಬೆಲೆ ಹೇಳಿ. 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಅನ್ನುವ ವಿದ್ಯಾರ್ಥಿನಿ ನೈಕಿಯ ಗುರುತನ್ನು ಗಂಟೆಗೆ 2 ಡಾಲರ್ ಲೆಕ್ಕದಲ್ಲಿ ಮಾಡಿಕೊಟ್ಟರು. ಒಟ್ಟು ಬಿಲ್ 35 ಡಾಲರ್. 1983ರಲ್ಲಿ ಕಂಪನಿ ಅವರಿಗೆ ಷೇರು ಕೊಟ್ಟಿತು ನಿಜ. ಆದರೆ ಅಂಥದ್ದನ್ನು ನಂಬಿಕೊಂಡು ಯಾರೂ ರೇಟ್ ಹೇಳುವುದಿಲ್ಲ ಅಲ್ವಾ? ಕೈ ಪಳಗಿದಷ್ಟೂ ಕೆಲಸ ಬೇಗ ಮುಗಿಯುತ್ತದೆ. ಗಂಟೆ ಲೆಕ್ಕದಲ್ಲಿ ನಿಮ್ಮ ಅನುಭವವೇ ನಿಮ್ಮ ಬಿಲ್ ಕಡಿಮೆ ಮಾಡುತ್ತದೆ.

ಪುಸ್ತಕ, ಪ್ಯಾಕೇಜಿಂಗ್ ಮಾಡುವವರು:
ಮೇಲಿನ ಮಾತು ಸರಿ. ಆದರೆ ಬೆಲೆಗಿಂತ ಮುಖ್ಯ, ಆ ಬೆಲೆಗೆ ಏನೇನು ಸಿಗುತ್ತದೆ ಅನ್ನುವುದು ಬರಹದಲ್ಲಿರಬೇಕು. ಎಷ್ಟು ಆಯ್ಕೆ ತೋರಿಸುತ್ತೀರಿ, ಎಷ್ಟು ಸಲ ತಿದ್ದಿಕೊಡುತ್ತೀರಿ, ಮೂಲ ಫೈಲ್ ಕೊಡುತ್ತೀರಾ, ಫಾಂಟ್ ಲೈಸೆನ್ಸ್ ಯಾರು ಕೊಳ್ಳಬೇಕು, ಮಧ್ಯದಲ್ಲಿ ಕೆಲಸ ನಿಂತರೆ ಎಷ್ಟು ಕೊಡಬೇಕು. "ಸುಮ್ನೆ ಒಂದು ಸಣ್ಣ ಬದಲಾವಣೆ" ಅನ್ನುವ ಮೇಲ್ ಬಂದಾಗ ನಿಮ್ಮ ಕಡೆ ನಿಲ್ಲುವುದು ಈ ಒಂದು ಪುಟವೇ. ಬಣ್ಣ ಬದಲಿಸುವುದು ತಿದ್ದುಪಡಿ. ಕಂಪನಿ ಹೆಸರೇ ಬದಲಾದರೆ ಅದು ಹೊಸ ಕೆಲಸ. ಇದನ್ನೂ ಬರೆದಿಡಿ, ನಗಬೇಡಿ.

1986ರಲ್ಲಿ ಅಮೆರಿಕದ ಹೆಸರಾಂತ ಡಿಸೈನರ್ ಪಾಲ್ ರ‍್ಯಾಂಡ್ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಅನ್ನುವ ಕಂಪ್ಯೂಟರ್ ಕಂಪನಿಗೆ 1 ಲಕ್ಷ ಡಾಲರ್‌ಗೆ ಲೋಗೋ ಮಾಡಿದರು. ಜಾಬ್ಸ್ ಒಂದಷ್ಟು ಆಯ್ಕೆ ಕೇಳಿದರೆ, ಒಂದೇ ಕೊಡುತ್ತೇನೆ, ಬಳಸಿದರೂ ಬಿಟ್ಟರೂ ದುಡ್ಡು ಕೊಡಬೇಕು ಅಂದರಂತೆ. ನಾವು ಪಾಲ್ ರ‍್ಯಾಂಡ್ ಅಲ್ಲ, ಒಂದೇ ತೋರಿಸುವ ಧೈರ್ಯ ನನಗಿಲ್ಲ. ಆದರೆ ಕೆಲಸ ಶುರುವಾಗುವ ಮುಂಚೆ ಷರತ್ತು ಹೇಳುವುದನ್ನು ಅವರಿಂದ ಕಲಿಯಬಹುದು.

ಅರ್ಧ ದುಡ್ಡು ಮುಂಗಡ ಬಂದ ಮೇಲೇ ಕೆಲಸ ಶುರು ಮಾಡಿ. ಹಕ್ಕು ಕ್ಲೈಂಟ್‌ಗೆ ಹೋಗುವುದು ಪೂರ್ತಿ ಹಣ ಬಂದ ಮೇಲೆ ಅಂತಲೂ ಸೇರಿಸಿ. ಮುಂಗಡ ಕೇಳಿದರೆ ಮುಖ ಗಂಟಿಕ್ಕುವವರು ಕೊನೆಯ ಕಂತಿಗೂ ಸತಾಯಿಸುವುದನ್ನೇ ನಾನು ನೋಡಿದ್ದು.

ಇನ್ನೂ ನೌಕರಿಯಲ್ಲೇ ಇರುವವರು:
ರಾಜೀನಾಮೆ ಬರೆಯುವ ಮುಂಚೆ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದ ಓದಿ. ಹೊರಗಿನ ಕೆಲಸ ಮಾಡಬಾರದು ಅಂತ ಇರಬಹುದು. ನೌಕರಿಯ ಭಾಗವಾಗಿ ಮಾಡಿದ ವಿನ್ಯಾಸದ ಹಕ್ಕು ಸಾಮಾನ್ಯವಾಗಿ ಕಂಪನಿಯದ್ದು. ಪೋರ್ಟ್‌ಫೋಲಿಯೊದಲ್ಲಿ ಏನು ತೋರಿಸಬಹುದು ಅಂತ ಒಳಗಿರುವಾಗಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸಾಲ ಬೇಕಿದ್ದರೆ ಅದಕ್ಕೂ ಈಗಲೇ ಅರ್ಜಿ ಹಾಕಿ, ಸಂಬಳದ ಚೀಟಿ ಇದ್ದಾಗ ಬ್ಯಾಂಕಿನವರ ಮಾತೇ ಬೇರೆ.

ವಾಪಸ್ ಸಂಬಳಕ್ಕೆ ಹೋದವರು:
ದುಡ್ಡು ಸಾಲದೆ ವಾಪಸ್ ಹೋಗಲಿಲ್ಲ. ನನಗೆ ಬೇಕಿದ್ದದ್ದು ಡಿಸೈನ್ ಮಾಡುವುದು. ಸ್ವಂತವಾಗಿ ನಿಂತಾಗ ದಿನದ ಅರ್ಧ ವ್ಯಾಪಾರಕ್ಕೇ ಹೋಗುತ್ತಿತ್ತು. ಕೆಲವರಿಗೆ ಆ ವ್ಯಾಪಾರವೇ ಖುಷಿ ಕೊಡುತ್ತದೆ, ನನಗೆ ಕೊಡಲಿಲ್ಲ. ಈಗ ಸಂಜೆ ಮಾಡುವ ಕೆಲಸದಲ್ಲಿ ರೇಟ್ ಮಾತಾಡುವುದು, ಬಾಕಿ ಕೇಳುವುದು ನಿಮಗೆ ಹೇಗನ್ನಿಸುತ್ತದೆ? ಅದನ್ನು ನೋಡಿ ನಿರ್ಧಾರ ಮಾಡಿ.

ಕೈಯಲ್ಲಿರಬೇಕಾದ ದುಡ್ಡಿನ ಬಗ್ಗೆ: ಕನಿಷ್ಠ ಆರು ತಿಂಗಳ ಖರ್ಚು. ಯಾಕೆಂದರೆ ಕೆಲಸ ಸಿಗಲು ಕೆಲವು ವಾರ, ಮುಗಿಸಲು ಒಂದೆರಡು ತಿಂಗಳು, ಬಿಲ್ ಕೊಟ್ಟ ಮೇಲೆ ಎಷ್ಟೋ ಕಂಪನಿಗಳಲ್ಲಿ 30 ದಿನ ಕಾಯಬೇಕು, ಅದೂ ಹೇಳಿದ ದಿನಕ್ಕೆ ಬಂದರೆ. ಬಂದದ್ದರಲ್ಲಿ ತೆರಿಗೆಯ ಪಾಲನ್ನು ಅವತ್ತೇ ಬೇರೆ ಖಾತೆಗೆ ಹಾಕಿ.

ಇನ್ನು ಕ್ಲೈಂಟ್‌ಗಳು. ಜಾಸ್ತಿ ಬರುವುದು ಹಳೇ ಸಹೋದ್ಯೋಗಿಗಳಿಂದ, ಕೆಲಸ ಮುಗಿಸಿಕೊಟ್ಟವರ ಬಾಯಿಮಾತಿನಿಂದ. ಈಗಿರುವವರಲ್ಲಿ ಸ್ನೇಹಿತರು, ನೆಂಟರನ್ನು ಬಿಟ್ಟು ಲೆಕ್ಕ ಹಾಕಿ. ಗುರುತು ಪರಿಚಯವಿಲ್ಲದವರು ಪೂರ್ತಿ ರೇಟ್ ಕೊಟ್ಟು ಎರಡನೇ ಸಲ ಬಂದಿದ್ದಾರಾ? ಬಂದಿಲ್ಲ ಅಂದರೆ ಇನ್ನು ಸ್ವಲ್ಪ ದಿನ ಸಂಜೆಯ ಕೆಲಸವಾಗಿಯೇ ಇರಲಿ. ಬಂದಿದ್ದರೂ ಒಬ್ಬರಿಂದಲೇ ಅರ್ಧಕ್ಕಿಂತ ಜಾಸ್ತಿ ಆದಾಯ ಬರುತ್ತಿದ್ದರೆ ಹುಷಾರು, ಅವರು ಕೈಬಿಟ್ಟರೆ ನೋಟಿಸ್ ಅವಧಿಯೂ ಇರುವುದಿಲ್ಲ.